ಸಹಿ ಹಾಕಿದ ಮೇಲೆ

ಈ ಸಲದ ಯುಗಾದಿ ಸಮಾರಂಭದ ಊಟದಲ್ಲಿ ನಮ್ಮ ಪಕ್ಕಕ್ಕೆ ಕುಳಿತಿದ್ದ ಮಿತ್ರರು ಎಲೆಯ ಮೇಲಿನ ಹೋಳಿಗೆಯನ್ನು ಮುಟ್ಟದೆ ಕುದಿಯುತ್ತಿದ್ದರು. ಅವರ ಮಗ ಹೈಸ್ಕೂಲಿನ ಗಾಲ್ಫ್ ತಂಡದಲ್ಲಿದ್ದಾನೆ. ಹಿಂದಿನ ವಾರದ ಪಂದ್ಯದಲ್ಲಿ ಅವನ ಜೊತೆ ಆಡಿದ ಹುಡುಗ ಒಂದು ಹೋಲಿಗೆ 5 ಬರೆಯುವ ಬದಲು 4 ಬರೆದಿದ್ದಾನೆ. ಇವನು ನೋಡದೆ ಸಹಿ ಹಾಕಿ ಕಾರ್ಡನ್ನು ಒಪ್ಪಿಸಿದ್ದಾನೆ. ಆಮೇಲೆ ಹೊಳೆದು, ತಾನೇ ಓಡಿಹೋಗಿ ಹೇಳಿದ್ದಾನೆ. ಹೇಳಿದ ಕೂಡಲೇ ಅವನನ್ನು ಸ್ಪರ್ಧೆಯಿಂದ ತೆಗೆದುಹಾಕಿದ್ದಾರೆ.

"ಬರೆದವನು ಒಬ್ಬ, ಶಿಕ್ಷೆ ಇನ್ನೊಬ್ಬನಿಗೆ! ಇದು ಯಾವ ಊರಿನ ನ್ಯಾಯ? ನೀವೇ ಹೇಳಿ ಡಾಕ್ಟ್ರೇ" ಎಂದರು ಮಿತ್ರರು. ನಮಗೆ ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಈ ಬರಹ ಅವರಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ಓದುಗರು ತಿಳಿಯಬೇಕು.

ನಮಗೂ ಗಾಲ್ಫಿಗೂ ಹಳೆಯ ನಂಟೇನಿಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದಿನದು. ಆದರೂ ಹೈ ಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗ ಬೇಲಿಯಾಚೆಯ ಹಸಿರು ಹುಲ್ಲನ್ನು ಕಂಡು, ಇಷ್ಟು ಜಾಗದಲ್ಲಿ ಎಷ್ಟು ದನ ಮೇಯಬಹುದಿತ್ತು ಎಂದುಕೊಂಡವರ ಪೈಕಿ ನಾವು. ಈ ದೇಶಕ್ಕೆ ಬಂದ ಮೇಲೆ ಜೊತೆಯ ವೈದ್ಯರು ಎಳೆದುಕೊಂಡು ಹೋದರು. ಚೆಂಡು ಹೊಡೆಯುವುದು ಇಂದಿಗೂ ಸರಿಯಾಗಿ ಬಂದಿಲ್ಲ. ಆದರೆ ಆ ಆಟದ ಒಂದು ಪದ್ಧತಿ ಮಾತ್ರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಗಾಲ್ಫಿನಲ್ಲಿ ಪ್ರತಿಯೊಬ್ಬ ಆಟಗಾರನ ಹಿಂದೆ ಒಬ್ಬ ಅಂಪೈರ್ ತಿರುಗುವುದಿಲ್ಲ. ನಮ್ಮ ಹೊಡೆತಗಳ ಲೆಕ್ಕವನ್ನು ಜೊತೆಯವರು ಬರೆಯುತ್ತಾರೆ, ಅವರದನ್ನು ನಾವು ಬರೆಯುತ್ತೇವೆ. ಆಟ ಮುಗಿದ ಮೇಲೆ ಅವರು ಬರೆದದ್ದನ್ನು ನಾವು ಓದಿ, ಸರಿಯಿದೆಯೆಂದು ಸಹಿ ಹಾಕಿ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ತಿದ್ದುವಂತಿಲ್ಲ. ಆಡಿದ್ದಕ್ಕಿಂತ ಹೆಚ್ಚು ಬರೆದಿದ್ದರೆ ಆ ಹೆಚ್ಚಿನ ಸಂಖ್ಯೆಯೇ ನಿಲ್ಲುತ್ತದೆ. ಕಡಿಮೆ ಬರೆದಿದ್ದರೆ ಆಟಗಾರ ಸ್ಪರ್ಧೆಯಿಂದ ಹೊರಗೆ.

ಈ ನಿಯಮಕ್ಕೆ ಸಿಕ್ಕಿ ಅತಿ ದೊಡ್ಡ ಬೆಲೆ ತೆತ್ತವರು ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ. ಅವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಡಿ ವಿಸೆಂಜೊ ಹುಟ್ಟಿದ್ದು 1923ರ ಏಪ್ರಿಲ್ 14ರಂದು, ಬ್ಯೂನಸ್ ಐರಿಸ್ ಹೊರವಲಯದ ಒಂದು ಸಾಮಾನ್ಯ ಕುಟುಂಬದಲ್ಲಿ. ಆಟ ಕಲಿತದ್ದು ಕ್ಯಾಡಿಯಾಗಿ, ಅಂದರೆ ಉಳ್ಳವರ ಚೀಲ ಹೊತ್ತುಕೊಂಡು. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪನವರೂ ಹೀಗೆಯೇ ಕ್ಯಾಡಿಯಾಗಿದ್ದು ಆಟ ಕಲಿತು, 2009ರಲ್ಲಿ ಇಂಡಿಯನ್ ಓಪನ್ ಗೆದ್ದವರು. ಡಿ ವಿಸೆಂಜೊ ಹದಿಹರೆಯದಲ್ಲೇ ವೃತ್ತಿಗೆ ಇಳಿದರು. 1953ರಲ್ಲಿ ಆಂಟೋನಿಯೊ ಸೆರ್ಡಾ ಅವರ ಜೊತೆಗೂಡಿ ತಮ್ಮ ದೇಶಕ್ಕೆ ಕೆನಡಾ ಕಪ್ ಗೆದ್ದುಕೊಟ್ಟರು. ಆದರೆ ಗಾಲ್ಫಿನ ಅತ್ಯಂತ ಹಳೆಯ ಪಂದ್ಯವಾದ ಬ್ರಿಟನ್ನಿನ ಓಪನ್ ಮಾತ್ರ ಕೈಗೆ ಸಿಗುತ್ತಿರಲಿಲ್ಲ. 1948ರಿಂದ ಸಮುದ್ರ ದಾಟಿ ಹೋಗುತ್ತಿದ್ದರು. 1950ರಲ್ಲಿ ಎರಡನೆಯ ಸ್ಥಾನ, ಹಲವು ಸಲ ಮೂರನೆಯ ಸ್ಥಾನ. ಕೊನೆಗೆ 1967ರಲ್ಲಿ, 44ನೆಯ ವಯಸ್ಸಿನಲ್ಲಿ, ಹಾಯ್ಲೇಕ್ ಮೈದಾನದಲ್ಲಿ ಜ್ಯಾಕ್ ನಿಕ್ಲಾಸ್‌ರನ್ನು 2 ಹೊಡೆತಗಳಿಂದ ಹಿಂದೆ ಹಾಕಿ ಗೆದ್ದರು. ಇಷ್ಟು ವರ್ಷ ಕಾದು ಗೆದ್ದ ಮನುಷ್ಯ ಮರುವರ್ಷ ಅಮೆರಿಕಾದ ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯಕ್ಕೆ ಬಂದರು.

1968ರ ಏಪ್ರಿಲ್ 14, ಈಸ್ಟರ್ ಭಾನುವಾರ, ಪಂದ್ಯದ ಕೊನೆಯ ದಿನ. ಅದೇ ದಿನ ಅವರಿಗೆ 45 ತುಂಬಿತು. ಮೊದಲ ಹೋಲಿನಲ್ಲೇ ದೂರದಿಂದ ಹೊಡೆದ ಎರಡನೆಯ ಹೊಡೆತಕ್ಕೆ ಚೆಂಡು ನೇರವಾಗಿ ಗುಳಿಗೆ ಬಿತ್ತು. ನೆರೆದ ಜನ ಅವರಿಗೆ ಹುಟ್ಟುಹಬ್ಬದ ಹಾಡು ಹಾಡಿದರು. ಆ ದಿನ ಅವರು ಮುಟ್ಟಿದ್ದೆಲ್ಲ ಚಿನ್ನ. 17ನೆಯ ಹೋಲನ್ನು 4ರಲ್ಲಿ ಮುಗಿಸಿದರೆ ಸಾಕಿತ್ತು, ಅವರು 3ರಲ್ಲಿ ಮುಗಿಸಿದರು. ಸುತ್ತ ನಿಂತ ಜನ ನೋಡಿದರು, ದೂರದರ್ಶನದಲ್ಲಿ ದೇಶವೇ ನೋಡಿತು. 18ರಲ್ಲಿ ಮಾತ್ರ ಒಂದು ಹೊಡೆತ ಹೆಚ್ಚಾಯಿತು. ಆ ಒಂದು ಹೊಡೆತದ ಕೊರಗನ್ನು ತಲೆಯಲ್ಲಿ ತುಂಬಿಕೊಂಡು, ಗ್ರೀನಿನ ಬದಿಯಲ್ಲಿ ಜನರ ನಡುವೆಯೇ ಇದ್ದ ಮೇಜಿನ ಮುಂದೆ ಕುಳಿತರು. ಜೊತೆಗೆ ಆಡಿದ ಟಾಮಿ ಆರನ್ ಕಾರ್ಡು ಕೊಟ್ಟರು. ಇವರು ಸಹಿ ಹಾಕಿ ಎದ್ದರು.

ಆರನ್ 17ನೆಯ ಹೋಲಿನ ಎದುರು 3ರ ಬದಲು 4 ಎಂದು ಬರೆದಿದ್ದರು. ಡಿ ವಿಸೆಂಜೊ ಆ ದಿನ ಆಡಿದ್ದು 65, ಕಾರ್ಡು ಹೇಳಿದ್ದು 66. ನಾಲ್ಕು ದಿನದ ಮೊತ್ತ 277 ಆಗಬೇಕಿತ್ತು, 278 ಆಯಿತು. ಅವರ ಹಿಂದೆ ಬಂದ ಬಾಬ್ ಗೋಲ್ಬಿ ಅವರದು 277. ನಿಜದ ಲೆಕ್ಕದಲ್ಲಿ ಇಬ್ಬರೂ ಸಮ. ಮರುದಿನ ಮತ್ತೆ 18 ಹೋಲುಗಳ ಆಟವಾಗಿ ನಿರ್ಣಯವಾಗಬೇಕಿತ್ತು. ತಪ್ಪನ್ನು ಮೊದಲು ಗಮನಿಸಿದವರು ಆರನ್ನರೇ. ಆದರೆ ಹೊತ್ತು ಮೀರಿತ್ತು. ಅಧಿಕಾರಿಗಳು ನಿಯಮದ ಪುಸ್ತಕ ತಿರುವಿದರು. ಮೈದಾನದ ಸ್ಥಾಪಕರಲ್ಲೊಬ್ಬರಾದ ಬಾಬಿ ಜೋನ್ಸ್ ಬೆನ್ನುಹುರಿಯ ರೋಗದಿಂದ ಬಳಲುತ್ತ ಅಲ್ಲೇ ತಮ್ಮ ಕುಟೀರದಲ್ಲಿದ್ದರು. ಅವರನ್ನೂ ಹೋಗಿ ಕೇಳಿದರು. ಬೇರೆ ದಾರಿಯಿರಲಿಲ್ಲ. ಗೋಲ್ಬಿ ಗೆದ್ದರು.

ಇಲ್ಲಿ ನಮ್ಮ ಮಿತ್ರರ ಪ್ರಶ್ನೆ ನೂರು ಪಟ್ಟು ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಲಕ್ಷಾಂತರ ಜನ ಕಣ್ಣಾರೆ ಕಂಡ ಸತ್ಯ ದೊಡ್ಡದೋ, ಒಂದು ಚೂರು ಕಾಗದದ ಮೇಲಿನ ಸಹಿ ದೊಡ್ಡದೋ?

ಮೊದಲು ನಿಯಮದ ಪರವಾಗಿ ನಿಂತು ನೋಡೋಣ. ಕಂಡವರು ಹೇಳಿದರೆ ತಿದ್ದಬಹುದು ಎಂದಿಟ್ಟುಕೊಳ್ಳಿ. ಆಗ ಯಾರ ಕಾರ್ಡು ತಿದ್ದುಪಡಿಯಾಗುತ್ತದೆ? ಕ್ಯಾಮೆರಾ ಯಾರ ಹಿಂದೆ ತಿರುಗುತ್ತದೆಯೋ ಅವರದು. ನಲವತ್ತನೆಯ ಸ್ಥಾನದಲ್ಲಿ, ಯಾರೂ ನೋಡದ ಮೂಲೆಯಲ್ಲಿ ಆಡುವವನ ಪರವಾಗಿ ಸಾಕ್ಷಿ ಹೇಳುವವರು ಯಾರು? ಕಂಡವರಿಗೊಂದು ನ್ಯಾಯ, ಕಾಣದವರಿಗೊಂದು ನ್ಯಾಯ ಆಗಬಾರದು ಎಂದಾದರೆ ಕೊನೆಯ ಮಾತು ಆಟಗಾರನದೇ ಆಗಬೇಕು. ಇನ್ನೊಂದು ಮಾತೂ ಇದೆ. ಕಾರ್ಡು ಬರೀ ವರದಿಯಲ್ಲ, ಅದು ಕೊಟ್ಟ ಮಾತು. ವರದಿಯನ್ನು ತಿದ್ದಬಹುದು, ಕೊಟ್ಟ ಮಾತನ್ನು ಅನುಕೂಲಕ್ಕೆ ತಕ್ಕಂತೆ ತಿದ್ದಲಾಗುವುದಿಲ್ಲ. ನಮ್ಮ ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಶಾನುಭೋಗರು ಬರೆದ ಕಾಗದವನ್ನು ಎರಡು ಸಲ ಓದಿಸಿ ಕೇಳಿದ ಮೇಲೇ ಹೆಬ್ಬೆಟ್ಟು ಒತ್ತುತ್ತಿದ್ದರಂತೆ. ಓದು ಬಲ್ಲ ನಾವು ಓದದೆ ಸಹಿ ಹಾಕುತ್ತೇವೆ.

ಬಾಬಿ ಜೋನ್ಸ್ ಹೆಸರು ಬಂತಲ್ಲ, ಅವರ ಜೀವನದಲ್ಲೂ ಇಂಥದ್ದೇ ಒಂದು ಘಟನೆಯಿದೆ. 1925ರ ಯು.ಎಸ್. ಓಪನ್ನಿನಲ್ಲಿ, ಹೊಡೆಯಲು ನಿಂತಾಗ ಹುಲ್ಲಿನಲ್ಲಿ ತಮ್ಮ ಚೆಂಡು ಕೊಂಚ ಅಲುಗಿತೆಂದು ಅವರೇ ಹೇಳಿದರು. ಬೇರೆ ಯಾರೂ ನೋಡಿರಲಿಲ್ಲ. ಅಧಿಕಾರಿಗಳು ನಿಮಗೆ ಬಿಟ್ಟದ್ದು ಎಂದರೂ ಒಂದು ಹೊಡೆತವನ್ನು ತಮ್ಮ ಮೇಲೆ ಹಾಕಿಕೊಂಡರು. ಪಂದ್ಯ ಸಮವಾಗಿ ಮುಗಿದು, ಆಮೇಲಿನ ನಿರ್ಣಾಯಕ ಆಟದಲ್ಲಿ ಸೋತರು. ಜನ ಹೊಗಳಿದಾಗ, ಬ್ಯಾಂಕು ದೋಚಲಿಲ್ಲವೆಂದು ಯಾರನ್ನಾದರೂ ಹೊಗಳುತ್ತಾರೆಯೇ ಎಂಬರ್ಥದ ಮಾತಾಡಿದರಂತೆ. ಯಾರೂ ಕಾಣದ ಹೊಡೆತ ಜೋನ್ಸರ ಲೆಕ್ಕಕ್ಕೆ ಬಂತು. ಹೊಡೆಯದೇ ಇದ್ದ ಹೊಡೆತ ಡಿ ವಿಸೆಂಜೊ ಲೆಕ್ಕಕ್ಕೆ ಬಂತು. ಎರಡೂ ಒಂದೇ ಬೇರಿನ ಕೊಂಬೆಗಳು. ಆಟಗಾರನ ಮಾತನ್ನು ಯಾರೂ ಪ್ರಶ್ನಿಸದೆ ನಂಬುವ ಆಟದಲ್ಲಿ, ಆ ಮಾತಿನ ಭಾರವೂ ಅವನ ಮೇಲೇ ಬೀಳುತ್ತದೆ.

ಇಷ್ಟೆಲ್ಲ ತರ್ಕ ಮಾಡಿದರೂ ಮನಸ್ಸು ಒಪ್ಪುವುದಿಲ್ಲ, ಅಲ್ಲವೇ? ನಮಗೂ ಒಪ್ಪುವುದಿಲ್ಲ. ಒಪ್ಪಿಸಿದ್ದು ತರ್ಕವಲ್ಲ, ಡಿ ವಿಸೆಂಜೊ ನಡೆದುಕೊಂಡ ರೀತಿ. "ಎಂಥ ದಡ್ಡ ನಾನು!" ಎಂದು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದರು. ಆ ಮಾತು ಇಂದಿಗೂ ಗಾಲ್ಫ್ ಲೋಕದಲ್ಲಿ ಉಳಿದಿದೆ. ಆರನ್ನರನ್ನು ದೂರಲಿಲ್ಲ, ನಿಯಮವನ್ನೂ ದೂರಲಿಲ್ಲ. ತಪ್ಪು ನನ್ನದೇ ಎಂದರು. ಗೋಲ್ಬಿಯವರನ್ನು ಅಭಿನಂದಿಸಿದರು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮ್ಮದು. ಈ ಮನುಷ್ಯ ಚೆನ್ನಾಗಿ ಕುಣಿದಿದ್ದರು, ನೆಲವೂ ನಿಜವಾಗಿಯೇ ಡೊಂಕಾಗಿತ್ತು. ಆದರೂ ನೆಲದ ಮೇಲೆ ಹಾಕಲಿಲ್ಲ.

ಈ ಮಾತು ನಮಗೇಕೆ ಇಷ್ಟು ತಾಕುತ್ತದೆಂಬುದನ್ನು ಹೇಳಿಬಿಡುತ್ತೇವೆ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಬಂದು ಈ ದೇಶದ ಒಂದು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಕಾಲ. ಆಗೆಲ್ಲ ಕೈಬರಹದ ಚಾರ್ಟುಗಳು. ಮೂವತ್ತು ಗಂಟೆ ನಿದ್ದೆಯಿಲ್ಲದ ಒಂದು ಸಂಜೆ, ಸಕ್ಕರೆ ಕಾಯಿಲೆಯ ವೃದ್ಧರೊಬ್ಬರನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಔಷಧಿಗಳ ಪಟ್ಟಿಯನ್ನು ಹೊಸದಾಗಿ ಬರೆಯಬೇಕಾಯಿತು. ಬರೆದವನು ಮೂರನೆಯ ವರ್ಷದ ವಿದ್ಯಾರ್ಥಿ. ಕೆಳಗೆ ಸಹಿ ನಮ್ಮದು. ರಾತ್ರಿಯ ಇನ್ಸುಲಿನ್ 14 ಯೂನಿಟ್ ಇದ್ದದ್ದು ಹೊಸ ಹಾಳೆಯಲ್ಲಿ 44 ಆಗಿತ್ತು. ನಾವು ಓದಿರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ನರ್ಸಮ್ಮ ಹೋಗಿ ನೋಡಿದರೆ ಆ ಹಿರಿಯರು ಬೆವರಿನಲ್ಲಿ ತೊಯ್ದು, ಕರೆದರೆ ಮಾತಿಲ್ಲದ ಸ್ಥಿತಿಯಲ್ಲಿದ್ದರು. ಕೂಡಲೇ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟದ್ದರಿಂದ ಉಳಿದುಕೊಂಡರು. ಆ ನರ್ಸಮ್ಮ ಅರ್ಧ ಗಂಟೆ ತಡವಾಗಿ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಇಂದಿಗೂ ಧೈರ್ಯ ಸಾಲದು.

ಬೆಳಿಗ್ಗೆ ಹಿರಿಯ ವೈದ್ಯರು ಚಾರ್ಟನ್ನು ಕೈಯಲ್ಲಿ ಹಿಡಿದು, "ಈ ಸಹಿ ಯಾರದು?" ಎಂದು ಕೇಳಿದರು. ನಾವು ಹೇಳಿದ್ದು: "ಬರೆದದ್ದು ವಿದ್ಯಾರ್ಥಿ."

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ. ಆ ಹುಡುಗ ತಲೆ ತಗ್ಗಿಸಿದ. ಅವನ ಕಿವಿ ಕೆಂಪಾದದ್ದು ನಮ್ಮ ಕಣ್ಣಿಗೆ ಕಟ್ಟಿದ ಹಾಗಿದೆ. ರೋಗಿ ಗುಣವಾಗಿ ಮನೆಗೆ ಹೋದರು. ಆ ಒಂದು ಮಾತು ಮಾತ್ರ ನಮ್ಮ ಜೊತೆಗೇ ಉಳಿಯಿತು. ಹಲವು ವರ್ಷಗಳ ಮೇಲೆ ಡಿ ವಿಸೆಂಜೊ ಕಥೆಯನ್ನು ಕೇಳಿದಾಗ, "ಬರೆದದ್ದು ಆರನ್" ಎನ್ನುವ ಎಲ್ಲ ಹಕ್ಕೂ ಇದ್ದ ಮನುಷ್ಯ ಅದನ್ನು ಹೇಳದೆ ಹೋದರಲ್ಲ ಎಂದು ಒಳಗೆ ಚುಚ್ಚಿತು.

ಹಾಗಾದರೆ ಎಲ್ಲ ತಪ್ಪೂ ಸಹಿ ಹಾಕಿದವನದೇ, ಉಳಿದವರೆಲ್ಲ ಕೈ ತೊಳೆದುಕೊಳ್ಳಬಹುದೇ? ಇಲ್ಲಿಯೇ ನಮಗೆ ಒಂದು ಸೂಕ್ಷ್ಮ ಕಂಡಿದೆ. "ತಪ್ಪು ನನ್ನದು" ಎಂದು ಡಿ ವಿಸೆಂಜೊ ಹೇಳಿದರೆ ಅದು ದೊಡ್ಡ ಮಾತು. "ತಪ್ಪು ಅವನದು" ಎಂದು ಮೇಜು ಹಾಕಿದವರು ಹೇಳಿದರೆ ಅದು ಸಣ್ಣ ಮಾತು. ವಿಷಯ ಒಂದೇ, ಆಡುವ ಬಾಯಿ ಬೇರೆ. ಹೊಣೆ ಎಂಬುದು ಹೊರುವ ವಸ್ತು, ಹೊರಿಸುವ ವಸ್ತುವಲ್ಲ. ದಣಿದು, ನೊಂದು ಬಂದ ಮನುಷ್ಯನನ್ನು ಜನಜಂಗುಳಿಯ ನಡುವೆ ಕೂರಿಸಿ ಲೆಕ್ಕ ನೋಡು ಎಂದದ್ದು ಸರಿಯೇ ಎಂದು ಕೇಳಿಕೊಳ್ಳಬೇಕಾದವರು ಆ ಮೇಜಿನವರು. ಕೇಳಿಕೊಂಡರೆಂದೇ ಹೇಳಬೇಕು. ಇಂದು ದೊಡ್ಡ ಪಂದ್ಯಗಳಲ್ಲಿ ಆಟಗಾರರು ಜನರಿಂದ ದೂರವಾಗಿ ಪ್ರತ್ಯೇಕ ಜಾಗದಲ್ಲಿ ಕುಳಿತು ಅಂಕಿಗಳನ್ನು ತಾಳೆ ನೋಡುತ್ತಾರೆ. ಆದರೂ ನಿಯಮದ ತಿರುಳು ಬದಲಾಗಿಲ್ಲ. 2024ರ ಫೆಬ್ರವರಿಯಲ್ಲಿ ಜೋರ್ಡಾನ್ ಸ್ಪೀತ್‌ರಂಥ ಆಟಗಾರರೂ 4 ಆಗಿದ್ದ ಹೋಲಿಗೆ 3 ಎಂದಿದ್ದ ಕಾರ್ಡಿಗೆ ಸಹಿ ಹಾಕಿ ಹೊರಬಿದ್ದರು. ಹೊಣೆ ತಮ್ಮದೇ ಎಂದರು.

ನಮ್ಮ ವೃತ್ತಿಯಲ್ಲೂ ಹೀಗೇ. ಇಂದು ಕಂಪ್ಯೂಟರು ಔಷಧಿಯ ಪ್ರಮಾಣ ಹೆಚ್ಚಾದರೆ ಎಚ್ಚರಿಸುತ್ತದೆ, ರೆಸಿಡೆಂಟರ ಗಂಟೆಗಳಿಗೆ ಮಿತಿಯಿದೆ, ಇನ್ಸುಲಿನ್ನಿನಂಥ ಔಷಧಿಯನ್ನು ಅನೇಕ ಕಡೆ ಇಬ್ಬರು ನೋಡಿ ಕೊಡುತ್ತಾರೆ. ಇವೆಲ್ಲ ಬೇಕು. ಮನುಷ್ಯ ತಪ್ಪುತ್ತಾನೆಂದು ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆಗಳಿವು. ಆದರೆ "ವ್ಯವಸ್ಥೆ ಸರಿಯಿರಲಿಲ್ಲ" ಎಂಬ ಮಾತು ಸಹಿ ಹಾಕಿದ ವೈದ್ಯನ ಬಾಯಿಂದ ಮೊದಲು ಬರಬಾರದು. ಹಾಗೆಯೇ "ವೈದ್ಯ ಸರಿಯಿರಲಿಲ್ಲ" ಎಂಬ ಮಾತು ಆಸ್ಪತ್ರೆ ನಡೆಸುವವರ ಬಾಯಿಂದ ಮೊದಲು ಬರಬಾರದು. ಪ್ರತಿಯೊಬ್ಬನೂ ತನ್ನ ಪಾಲನ್ನು ಮೊದಲು ಎತ್ತಿಕೊಂಡರೆ, ಮಿಕ್ಕ ಭಾರ ತಾನಾಗಿ ಹಗುರವಾಗುತ್ತದೆ.

ನಿಯಮ ಕಠಿಣವಾಗಿದ್ದ ಮಾತ್ರಕ್ಕೆ ಮನುಷ್ಯರೂ ಕಠಿಣವಾಗಬೇಕಿಲ್ಲ. 1957ರಲ್ಲಿ ವಿಂಗ್ಡ್ ಫುಟ್ ಮೈದಾನದಲ್ಲಿ ನಡೆದ ಮಹಿಳೆಯರ ಯು.ಎಸ್. ಓಪನ್ನಿನಲ್ಲಿ ಹವಾಯಿಯ ಜ್ಯಾಕಿ ಪಂಗ್ ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದ್ದರು. ಅವರ ಕಾರ್ಡಿನಲ್ಲಿ ಮೊತ್ತ ಸರಿಯಿತ್ತು, ಒಂದು ಹೋಲಿಗೆ ಮಾತ್ರ 6ರ ಬದಲು 5 ಇತ್ತು. ಅವರನ್ನು ಹೊರಗೆ ಹಾಕಿದರು. ನಿಯಮವನ್ನು ಮುರಿಯುವ ಅಧಿಕಾರ ಕ್ಲಬ್ಬಿನ ಸದಸ್ಯರಿಗಿರಲಿಲ್ಲ. ಅವರು ತಮ್ಮೊಳಗೇ ಚಂದಾ ಎತ್ತಿ, ಮೊದಲ ಬಹುಮಾನಕ್ಕಿಂತ ಹೆಚ್ಚಿನ ಹಣವನ್ನು ಆಕೆಗೆ ಕೊಟ್ಟರು.

ಆಗಸ್ಟಾದ ವಿಷಯದಲ್ಲಿ ಜನ ಇಷ್ಟು ಉದಾರರಾಗಿರಲಿಲ್ಲ. ಏನೂ ತಪ್ಪು ಮಾಡದ ಗೋಲ್ಬಿಯವರಿಗೆ ಬೈಗುಳದ ಪತ್ರಗಳು ಬಂದವು. ನಿರ್ಣಾಯಕ ಆಟವಾಗಿದ್ದರೇ ತಮಗೂ ಸಮಾಧಾನವಿತ್ತೆಂದು ಅವರು ಹೇಳುತ್ತ ಬಂದರು. 2022ರಲ್ಲಿ ತೀರಿಕೊಳ್ಳುವವರೆಗೂ ಅವರ ಗೆಲುವಿನ ಜೊತೆ ಇನ್ನೊಬ್ಬರ ಸೋಲು ಅಂಟಿಕೊಂಡೇ ಇತ್ತು. ಇನ್ನು ಆರನ್? 1973ರಲ್ಲಿ ಅದೇ ಮಾಸ್ಟರ್ಸ್ ಗೆದ್ದರು. ಆ ಪಂದ್ಯದಲ್ಲಿ ಜೊತೆಗಾರ ತಮ್ಮ ಕಾರ್ಡಿನಲ್ಲಿ ತಪ್ಪು ಬರೆದದ್ದನ್ನು ಗಮನಿಸಿ, ಸಹಿ ಹಾಕುವ ಮೊದಲೇ ತಿದ್ದಿಸಿದರು.

ಡಿ ವಿಸೆಂಜೊ ಆ ಕಾರ್ಡನ್ನು ಎದೆಯ ಮೇಲಿಟ್ಟುಕೊಂಡು ಬದುಕಲಿಲ್ಲ. ಮುಂದಿನ ತಿಂಗಳೇ ಹ್ಯೂಸ್ಟನ್ನಿನಲ್ಲಿ ಒಂದು ಪಂದ್ಯ ಗೆದ್ದರು. 1970ರಲ್ಲಿ ಅಮೆರಿಕಾದ ಗಾಲ್ಫ್ ಸಂಸ್ಥೆ ಕ್ರೀಡಾ ಮನೋಭಾವಕ್ಕಾಗಿ ಕೊಡುವ, ಬಾಬಿ ಜೋನ್ಸರದೇ ಹೆಸರಿನ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. 1980ರಲ್ಲಿ ಮೊಟ್ಟಮೊದಲ ಯು.ಎಸ್. ಸೀನಿಯರ್ ಓಪನ್ ಗೆದ್ದರು, ಅದೂ ಪಂಗ್ ಅವರು ಕಣ್ಣೀರು ಹಾಕಿದ ಆ ವಿಂಗ್ಡ್ ಫುಟ್ಟಿನಲ್ಲಿಯೇ. ಜೀವಮಾನದಲ್ಲಿ ಗೆದ್ದ ಪಂದ್ಯಗಳು 200ಕ್ಕೂ ಹೆಚ್ಚು. 2017ರ ಜೂನ್ 1ರಂದು, 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗೆದ್ದ ಆ ಎಲ್ಲ ಪಂದ್ಯಗಳಿಗಿಂತ ಸೋತ ಒಂದು ಪಂದ್ಯಕ್ಕಾಗಿ ಜನ ಅವರನ್ನು ನೆನೆಯುತ್ತಾರೆ. ಅದನ್ನು ದುರದೃಷ್ಟ ಎನ್ನುವವರುಂಟು. ನಮಗೆ ಹಾಗೆನಿಸುವುದಿಲ್ಲ. ಕಪ್ಪುಗಳನ್ನು ಗೆದ್ದವರು ಬೇಕಾದಷ್ಟು ಜನ. ತಪ್ಪನ್ನು ಹೀಗೆ ಹೊತ್ತವರು ಎಷ್ಟು ಮಂದಿ?

ಮತ್ತೆ ಯುಗಾದಿಯ ಊಟಕ್ಕೆ ಬರೋಣ. ಅಂದು ಕಾಫಿ ತರಲು ಎದ್ದಾಗ ಆ ಹುಡುಗನೂ ನಮ್ಮ ಹಿಂದೆ ಬಂದ. ತನ್ನ ಅರೆಬರೆ ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ಅಂಕಲ್, ಅಪ್ಪ ಆ ಹುಡುಗನ ಮನೆಗೆ ಫೋನ್ ಮಾಡ್ತೀನಿ ಅಂತಿದಾರೆ. ಬೇಡ ಅಂತ ನೀವು ಹೇಳಿ. ಕಾರ್ಡ್ ನಾನೇ ನೋಡ್ಲಿಲ್ಲ."

ಮಿತ್ರರೇ, ನಿಮ್ಮ ಪ್ರಶ್ನೆಗೆ ಉತ್ತರ ನಮ್ಮ ಬಳಿ ಇರಲಿಲ್ಲ, ನಿಮ್ಮ ಮಗನ ಬಳಿ ಇತ್ತು. ನಾವು ಮೂವತ್ತು ವರ್ಷದ ಕೆಳಗೆ ಹೇಳಲಾರದೆ ಹೋದ ಮಾತನ್ನು ಅವನು ಹದಿನಾರಕ್ಕೇ ಹೇಳಿದ. ಪದಕ ಹೋಯಿತೆಂದು ದುಃಖಪಡಿ, ಅದು ಸಹಜ. ಅವನು ಹೋಗಿ ನಿಜ ಹೇಳಿದ್ದಕ್ಕೆ ಹೆಮ್ಮೆಪಡಿ, ಅದು ನಿಮ್ಮ ಹಕ್ಕು. ಫೋನು ಮಾತ್ರ ಮಾಡಬೇಡಿ. ಏನಾದರೂ ಮಾಡಲೇಬೇಕೆಂದಿದ್ದರೆ ಮುಂದಿನ ಪಂದ್ಯದ ದಿನ ನೆರಳಿನಲ್ಲಿ ಒಂದು ಮೇಜು ಹಾಕಿಸಿ, ನೀವೇ ಅಲ್ಲಿ ಕುಳಿತು, ಬರುವ ಮಕ್ಕಳಿಗೆಲ್ಲ "ಸಹಿ ಹಾಕುವ ಮುಂಚೆ ಒಂದು ಸಲ ಓದಪ್ಪಾ" ಎಂದು ಹೇಳಿ. ಹೋಳಿಗೆ ಮಿಕ್ಕಿದ್ದರೆ ಅದನ್ನೂ ತನ್ನಿ, ನಾವೂ ಬಂದು ಕೂಡುತ್ತೇವೆ.